ಬಾಟಲಿಯಲ್ಲಿ ಉಳಿದ ಮೂವತ್ತೆಂಟು ಗ್ರಾಂ

ಕಾರ್ಖಾನೆಯವರು ವರ್ಷಕ್ಕೊಮ್ಮೆ ಒಂದು ಪುಸ್ತಕ ಅಚ್ಚು ಹಾಕಿಸುತ್ತಾರೆ. ಈ ಸಲದ್ದರಲ್ಲಿ ನಮ್ಮವರ, ಅಂದರೆ ನನ್ನ ಗಂಡನ, ಫೋಟೋ ಹಾಕಿ ಕೆಳಗೆ ‘ಪ್ರಾಮಾಣಿಕ ನೌಕರರು, ಮೂವತ್ತೊಂದು ವರ್ಷದ ಸೇವೆ’ ಎಂದು ಬರೆದಿದ್ದಾರೆ. ಪ್ರಾಮಾಣಿಕ ಅನ್ನುವುದು ನಿಜ. ಆದರೆ ಆ ಮಾತನ್ನು ಯಾರ ಫೋಟೋದ ಕೆಳಗೆ ಬೇಕಾದರೂ ಹಾಕಬಹುದು. ಅವರು ಏನು ಮಾಡಿದರು ಅಂತ ಬರೆದಿಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಅವರು ಹೋಗಿ ಎಂಟು ತಿಂಗಳಾಯಿತು. ಅತ್ತು ಮುಗಿಯಿತು ಅಂದುಕೊಂಡಿದ್ದೆ, ಮುಗಿದಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ.

ಅವರ ಕೆಲಸ ಏನು ಎಂದು ಕೇಳಿದವರಿಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ಟೊಮೆಟೊ ಸಾಸ್ ಕಾರ್ಖಾನೆ ಅಂದರೆ, ಬೇಯಿಸುತ್ತಾರಾ ಅನ್ನುತ್ತಿದ್ದರು. ಇಲ್ಲ. ಬಾಟಲಿಗೆ ತುಂಬುತ್ತಾರಾ? ಅದೂ ಇಲ್ಲ. ಅವರು ಖಾಲಿ ಮಾಡುತ್ತಿದ್ದರು. ತುಂಬಿದ ಬಾಟಲಿಯನ್ನು ಬೋರಲು ಹಾಕಿ, ಎಷ್ಟು ಹೊರಗೆ ಬಂತು, ಎಷ್ಟು ಒಳಗೇ ಅಂಟಿಕೊಂಡು ಉಳಿಯಿತು ಎಂದು ತೂಗಿ ಬರೆಯುವುದು ಅವರ ಕೆಲಸ. ಬಾಗಿಲ ಮೇಲೆ ‘ಪರೀಕ್ಷಾ ಕೊಠಡಿ’ ಎಂದು ದೊಡ್ಡದಾಗಿ ಬರೆದಿತ್ತು. ಒಳಗೆ ನೋಡಿದರೆ ಒಂದು ಮೇಜು, ಒಂದು ತೂಕದ ಯಂತ್ರ, ಒಂದು ಗೋಡೆ ಗಡಿಯಾರ, ಹನ್ನೆರಡು ತೂತಿನ ಮರದ ಹಲಗೆ. ತೂತಿನೊಳಗೆ ಬಾಟಲಿಯ ಕುತ್ತಿಗೆ ಇಳಿಸಿ, ಕೆಳಗೆ ಬಟ್ಟಲು ಇಟ್ಟು, ಹತ್ತು ನಿಮಿಷ ಸುಮ್ಮನೆ ಕೂರಬೇಕು. ಬಡಿಯುವ ಹಾಗಿಲ್ಲ, ಅಲ್ಲಾಡಿಸುವ ಹಾಗಿಲ್ಲ. ಆಮೇಲೆ ಬಾಟಲಿ ತೂಗಬೇಕು. ಕಾರ್ಖಾನೆಯಲ್ಲಿ ಅವರಿಗೆ ಬೋರಲಣ್ಣ ಎಂದೇ ಹೆಸರು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು. ಅದು ಯಾರದ್ದು ಎಂದು ಕೇಳಿದರೆ ಅರ್ಧ ಜನಕ್ಕೆ ಗೊತ್ತಾಗುತ್ತಿರಲಿಲ್ಲ.

ನಾನು ಅದೇ ಕಾರ್ಖಾನೆಯ ತೊಳೆಯುವ ಮನೆಯಲ್ಲಿದ್ದೆ. ಊಟದ ಹೋಟೆಲು, ಹಾಸ್ಟೆಲು, ಕ್ಯಾಂಟೀನುಗಳಿಂದ ಖಾಲಿ ಗಾಜಿನ ಬಾಟಲಿ ವಾಪಸ್ಸು ಬರುತ್ತಿದ್ದವು. ನಾವು ಹನ್ನೆರಡು ಹೆಂಗಸರು ಅವನ್ನು ಒಗೆಯುವ ಸೋಡಾ ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿ, ಉದ್ದ ಬ್ರಷ್ಷು ಹಾಕಿ ಉಜ್ಜಿ, ಎರಡು ಸಲ ಜಾಲಿಸಿ ಕೊಡುತ್ತಿದ್ದೆವು. ಗೇಟಿನೊಳಗೆ ಬಂದ ಯಾವ ಗಾಜೂ ನಮ್ಮ ಕೈ ತಪ್ಪಿಸಿಕೊಂಡು ಮುಂದೆ ಹೋಗುತ್ತಿರಲಿಲ್ಲ. ನಮ್ಮಲ್ಲಿ ಎಲ್ಲರಿಗೂ ಹಿರಿಯಳು ದೊಡ್ಡಕ್ಕ. ಇಪ್ಪತ್ತು ವರ್ಷದಿಂದ ತೊಳೆಯುತ್ತಿದ್ದವಳು. ಅವಳ ದನಿ ನಲ್ಲಿಯ ಸದ್ದಿನ ಮೇಲೂ ಕೇಳುತ್ತಿತ್ತು.

ನಮ್ಮವರು ಮೊದಲು ನನ್ನನ್ನು ಮಾತಾಡಿಸಿದ್ದೂ ಅಲ್ಲೇ. ಒಂದು ದಿನ ಕಾಗದ ಪೆನ್ನು ಹಿಡಿದುಕೊಂಡು ಬಂದು ಕೇಳಿದರು.

“ಒಂದು ಬಾಟಲಿಗೆ ಎಷ್ಟು ಸಲ ಉಜ್ಜುತ್ತೀರಿ?”

“ಎಣಿಸಿಲ್ಲ.”

“ಎಣಿಸಿ ಹೇಳಿ.”

“ನೀವೇ ಉಜ್ಜಿ ಎಣಿಸ್ಕೊಳ್ಳಿ,” ಎಂದು ಬ್ರಷ್ಷು ಕೈಗೆ ಕೊಟ್ಟೆ. ಅವರು ನಿಜವಾಗಿ ತೋಳು ಮಡಿಸಿಕೊಂಡು ಕೂತರು. ಹದಿನೇಳು ಬಾಟಲಿ ಉಜ್ಜಿದರು. ದೊಡ್ಡಕ್ಕ ನನ್ನ ಕಿವಿಯಲ್ಲಿ, “ಇವನು ಬಾಟಲಿ ನೋಡೋಕೆ ಬಂದಿಲ್ಲ ಕಣೇ,” ಅಂದಳು. ಆದರೆ ಬಾಟಲಿ ನೋಡುವುದಕ್ಕೇ ಬಂದಿದ್ದರು. ನನ್ನನ್ನು ನೋಡಲು ಶುರುಮಾಡಿದ್ದು ಹನ್ನೆರಡನೆಯ ಬಾಟಲಿ ಆದ ಮೇಲಂತೆ. ಮದುವೆಯಾದ ಮೇಲೆ ಅವರೇ ಹೇಳಿದರು.

ಮನೆ ಎಂದರೆ ಮೆಟ್ಟಿಲು ಹತ್ತಿ ಹೋಗುವ ಎರಡು ಕೋಣೆ, ಒಂದು ಕಿಟಕಿ. ಊಟಕ್ಕೆ ಕೂತಾಗ ಸಾಸ್ ಬಾಟಲಿ ಮುಂದಿದ್ದರೆ ಪಾಠ ಶುರು.

“ನೋಡೇ, ಇದು ನೀರಿನ ಹಾಗಲ್ಲ. ನೀರು ಬಗ್ಗಿಸಿದ್ರೆ ಬರುತ್ತೆ. ಇದು ಸೋಮಾರಿ. ಯಾರಾದ್ರೂ ತಳ್ಳೋ ತನಕ ಕೂತ ಜಾಗ ಬಿಟ್ಟು ಏಳಲ್ಲ.”

“ನಿಮ್ಮ ತಮ್ಮನ ಹಾಗೆ.”

“ನಿನ್ನ ತಮ್ಮನ ಹಾಗೆ ಅನ್ನೋಣ ಅಂತಿದ್ದೆ. ಕೇಳು. ಗಾಜಿಗೆ ತಾಗಿದ ಪದರ ಇದೆಯಲ್ಲ, ಅದು ಗಾಜನ್ನ ಬಿಡಲ್ಲ. ಮಿಕ್ಕಿದ್ದು ಆ ಪದರದ ಮೇಲೆ ಜಾರ್ಕೊಂಡು ಬರುತ್ತೆ. ನೀನು ಎಷ್ಟು ಹೊತ್ತು ಬೋರಲು ಹಾಕಿದ್ರೂ ಆ ಮೊದಲನೇ ಪದರ ಅಲ್ಲೇ. ಅದೇ ನೀವು ಉಜ್ಜೋದು.”

ಆಮೇಲೆ ನನಗೆ ತೊಳೆಯುವಾಗೆಲ್ಲ ಆ ಪದರ ಕಾಣುತ್ತಿತ್ತು. ಅದಕ್ಕೂ ಮೊದಲು ಅದು ಬರೀ ಕೊಳೆ.

ಮದುವೆಯಾಗಿ ಆರು ವರ್ಷ, ಮಗಳಿಗೆ ನಾಲ್ಕು. ಆಗ ಒಬ್ಬ ಮಾರಾಟದವನು ಬಂದ. ಕೂದಲಿಗೆ ಎಣ್ಣೆ, ಬೂಟಿಗೆ ಪಾಲಿಷು, ಮಾತು ಅದಕ್ಕಿಂತ ನುಣ್ಣಗೆ. ನಾವು ಅವನಿಗೆ ನುಣುಪಪ್ಪ ಎಂದು ಹೆಸರಿಟ್ಟೆವು. ಅವನ ಹತ್ತಿರ ಹೊಸ ಬಗೆಯ ಬಾಟಲಿ ಇತ್ತು. ಗಾಜೇ, ಆದರೆ ಒಳಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಏನೋ ಜಿಡ್ಡಿನ ಲೇಪ. ತಿಂದರೂ ತೊಂದರೆಯಿಲ್ಲದ್ದು. ಸಾಸ್ ಗಾಜನ್ನು ಮುಟ್ಟುವುದೇ ಇಲ್ಲ, ಆ ಲೇಪದ ಮೇಲೆ ಕೂತಿರುತ್ತದೆ, ಬಗ್ಗಿಸಿದರೆ ಹಾಗೇ ಜಾರಿ ಬರುತ್ತದೆ ಎಂದ. ಮಾಲೀಕರ ಕೋಣೆಯಲ್ಲಿ ಒಂದು ಬಾಟಲಿ ಬಗ್ಗಿಸಿ ತೋರಿಸಿದ. ನಮ್ಮವರೂ ಅಲ್ಲಿದ್ದರು. ಸಾಸ್ ಪೂರಾ ಒಂದೇ ಮುದ್ದೆಯಾಗಿ ಬಿತ್ತಂತೆ. ಬಾಟಲಿ ಒಳಗೆ ಒಂದು ಕಲೆಯಿಲ್ಲ.

“ಇನ್ನು ತೊಳೆಯೋ ಕೆಲಸವೇ ಇಲ್ಲ ಸಾರ್,” ಎಂದನಂತೆ ನುಣುಪಪ್ಪ. “ವಾಪಸ್ ಬಂದ ಬಾಟಲಿಗೆ ಒಂದು ಸಲ ನೀರು ತೋರಿಸಿ, ಮತ್ತೆ ತುಂಬಿ.”

ಮಾಲೀಕರು ಕೆಟ್ಟವರಲ್ಲ. ಅವರೇ ತೊಳೆಯುವ ಮನೆಗೆ ಬಂದು ಹೇಳಿದರು: ಬೋರಲಣ್ಣ ಪರೀಕ್ಷೆ ಮಾಡುತ್ತಾನೆ. ಬಾಟಲಿ ಪಾಸಾದರೆ ಮೂರು ತಿಂಗಳಲ್ಲಿ ತೊಳೆಯುವ ಮನೆ ಮುಚ್ಚಬೇಕಾಗುತ್ತದೆ. ಈಗಲೇ ಹೇಳುತ್ತಿದ್ದೇನೆ, ಬೇರೆ ಕಡೆ ನೋಡಿಕೊಳ್ಳಿ.

ಹನ್ನೆರಡು ಜನರೂ ಬ್ರಷ್ಷು ಹಿಡಿದು ನಿಂತೇ ಇದ್ದೆವು. ಅದರಲ್ಲಿ ಐವರ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇರಲಿಲ್ಲ. ಮಾಲೀಕರು ಹೋದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ದೊಡ್ಡಕ್ಕ, “ನಿನ್ನ ಗಂಡನ ಕೈಯಲ್ಲಿದೆ ನಮ್ಮ ಅನ್ನ,” ಎಂದಳು. ತಮಾಷೆಗೆ ಹೇಳಿದ್ದಲ್ಲ.

ನಾನು ಮನೆಯಲ್ಲಿ ಏನೂ ಕೇಳಲಿಲ್ಲ. ಕೇಳಿದರೂ ಅವರು ಬಾಯಿ ಬಿಡುತ್ತಿರಲಿಲ್ಲ.

ಮೂರು ದಿನದ ಮೇಲೆ ಪರೀಕ್ಷೆಯ ಫಲ ಬಂತು. ನಮ್ಮ ಹಳೆಯ ಬಾಟಲಿಯಲ್ಲಿ ಉಳಿಯುತ್ತಿದ್ದುದು ನಲವತ್ತು ಗ್ರಾಂ. ಹೊಸ ಬಾಟಲಿಯಲ್ಲಿ ಮೂವತ್ತೆಂಟು. ಹನ್ನೆರಡು ಬಾಟಲಿ ಹಾಕಿದ್ದರು, ಹನ್ನೆರಡೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಫೇಲು. ತೊಳೆಯುವ ಮನೆಯಲ್ಲಿ ಅವತ್ತು ಯಾರಿಗೂ ಕೆಲಸ ಓಡಲಿಲ್ಲ. ದೊಡ್ಡಕ್ಕ ತನ್ನ ಊಟದ ಡಬ್ಬಿಯಲ್ಲಿದ್ದ ಮೊಟ್ಟೆ ತೆಗೆದು ನನ್ನ ಡಬ್ಬಿಗೆ ಹಾಕಿದಳು. “ಭಾವನಿಗೆ ಕೊಡು,” ಎಂದಳು. ಅವತ್ತಿನಿಂದ ನಮ್ಮವರು ಅವರೆಲ್ಲರಿಗೂ ಭಾವ.

ಸಂಜೆ ಮನೆಗೆ ಬಂದರೆ ಭಾವನ ಮುಖ ಗಂಟು ಹಾಕಿಕೊಂಡಿತ್ತು. ಮೊಟ್ಟೆ ತಟ್ಟೆಯಲ್ಲಿ ಹಾಗೇ ಇತ್ತು.

“ಏನ್ರೀ, ಊಟ ಸೇರ್ತಿಲ್ವಾ?”

“ಮಾಲೀಕರ ಕೋಣೇಲಿ ನಾನೇ ಕಣ್ಣಾರೆ ನೋಡಿದೀನಿ. ಒಂದು ತೊಟ್ಟೂ ಉಳಿದಿರಲಿಲ್ಲ. ನನ್ನ ಹಲಗೆ ಮೇಲೆ ಹಾಕಿದ್ರೆ ಮೂವತ್ತೆಂಟು. ಬಾಟಲಿಗೆ ಏನಾಯ್ತು?”

ನನಗೆ ಖುಷಿಯ ಅಮಲು. ಬಾಯಿ ತಡೆಯಲಿಲ್ಲ. “ಏನಾಗುತ್ತೆ, ಆ ನುಣುಪಪ್ಪನ ಮಾತೆಲ್ಲ ಮೋಸ. ಅಷ್ಟು ಚೆನ್ನಾಗಿ ತೊಳೆದು ಕೊಟ್ರೂ ಅಂಟ್ಕೊಳ್ತು ಅಂದ್ರೆ ಬಾಟಲಿಯದ್ದೇ ದೋಷ. ಆರು ಬಾಟಲಿ ನಾನೇ ಉಜ್ಜಿದ್ದು.”

ಅವರು ತಲೆಯೆತ್ತಿದರು. “ತೊಳೆದ್ರಾ?”

“ಮತ್ತೆ? ಪೆಟ್ಟಿಗೆ ಗೇಟಿನಿಂದ ಬಂತು, ತೊಳೆದ್ವಿ. ಎಲ್ಲಾದಕ್ಕೂ ಮಾಡೋ ಹಾಗೆ.”

“ಸೋಡಾ ಹಾಕಿ?”

ಆಗ ನನಗೆ ಹೊಳೆಯಿತು. ಲೇಪ ಇರುವ ಬಾಟಲಿ ತೊಳೆಯಬಾರದು ಎಂದು ನಮಗೆ ಯಾರೂ ಹೇಳಿರಲಿಲ್ಲ. ಆಫೀಸಿನವರಿಗೆ ಹೇಳಿದ್ದರಂತೆ. ಆಫೀಸಿನಿಂದ ತೊಳೆಯುವ ಮನೆಗೆ ನಡೆದು ಬರಲು ಎರಡು ನಿಮಿಷ, ಯಾರೂ ಬಂದಿರಲಿಲ್ಲ. ನಾವು ಹನ್ನೆರಡು ಜನ ಸೇರಿ ಆ ಜಿಡ್ಡನ್ನು ಉಜ್ಜಿ ಉಜ್ಜಿ ತೆಗೆದು, ಬರೀ ಗಾಜನ್ನು ಪರೀಕ್ಷೆಗೆ ಕಳಿಸಿದ್ದೆವು.

“ರೀ, ಹೇಳಬೇಡಿ,” ಅಂದೆ.

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು.

“ಯಾರಿಗೂ ಗೊತ್ತಿಲ್ಲ. ಬೇಕು ಅಂತ ಮಾಡಿದ್ದಲ್ಲ. ನೀವೂ ಸುಳ್ಳು ಬರ್ದಿಲ್ಲ. ಮೂವತ್ತೆಂಟು ಇತ್ತು, ಮೂವತ್ತೆಂಟು ಬರೆದ್ರಿ. ಅಲ್ಲಿಗೆ ಬಿಟ್ಬಿಡಿ.”

“ತೂಕ ಸುಳ್ಳಲ್ಲ ಕಣೇ. ಅದು ಯಾವ ಬಾಟಲಿಯ ತೂಕ ಅನ್ನೋದು ಸುಳ್ಳು.”

“ಹನ್ನೆರಡು ಮನೆ ರೀ.”

“ಗೊತ್ತು. ಅದರಲ್ಲಿ ಒಂದು ನಮ್ಮದು.”

ಮಾರನೆಯ ದಿನ ಬೆಳಿಗ್ಗೆ ಹೋಗಿ ಹೇಳಿಬಿಟ್ಟರು. ಸ್ಟೋರಿನಲ್ಲಿ ಇನ್ನೊಂದು ಪೆಟ್ಟಿಗೆ ಬಿಗಿದ ಹಾಗೇ ಇತ್ತು. ಅದನ್ನು ತೊಳೆಯದೆ ತುಂಬಿದರು. ಮರುದಿನ ಹಲಗೆಯ ಮೇಲೆ ಹಾಕಿದರು. ಉಳಿದದ್ದು ಎರಡು ಗ್ರಾಂ. ಮೊದಲ ಪರೀಕ್ಷೆಯ ಹಾಳೆಯ ಮೇಲೆ ಅಡ್ಡಗೆರೆ ಎಳೆದು, ಹೊಸ ಹಾಳೆ ಬರೆದು, ಮಾಲೀಕರಿಗೆ ಕೊಟ್ಟು ಬಂದರು.

ನಮ್ಮ ಹೆಂಗಸರು ಅವರನ್ನು ಬಿಟ್ಟು ನನ್ನನ್ನು ಹಿಡಿದುಕೊಂಡರು. “ನಿನ್ನ ಬಾಯಿಗೂ ಒಂದು ಮುಚ್ಚಳ ಹಾಕಿಸ್ಕೊಳ್ಳೋಕೆ ಆಗ್ಲಿಲ್ವಾ?” ಎಂದಳು ದೊಡ್ಡಕ್ಕ. “ತುಂಬೋ ಕಡೆ ಅಷ್ಟೊಂದು ಮುಚ್ಚಳ ಬಿದ್ದಿದೆ.” ಮಧ್ಯಾಹ್ನ ಊಟಕ್ಕೆ ಯಾರೂ ನನ್ನ ಪಕ್ಕ ಕೂರಲಿಲ್ಲ.

ನಾನು ನಮ್ಮವರ ಜೊತೆ ಮಾತು ಬಿಟ್ಟೆ. ಊಟ ಬಡಿಸುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ, ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹೇಳುವುದಿದ್ದರೆ ಮಗಳ ಕೈಯಲ್ಲಿ ಹೇಳಿಸುತ್ತಿದ್ದೆ. ಅವಳು ಎರಡು ಕೋಣೆಯ ನಡುವೆ ಓಡಾಡಿ, “ಅಪ್ಪಾ, ಅಮ್ಮ ಕೇಳ್ತಾಳೆ ಟೀ ಬೇಕಾ ಅಂತ. ಬೇಡ ಅನ್ನು ಅಂತಾನೂ ಹೇಳಿದಾಳೆ,” ಎಂದಳು. ಅವರು ಬೇಡ ಎಂದರು. ನಾನು ಟೀ ಕೊಟ್ಟೆ.

ಅವರು ಮಾತ್ರ ತೊಳೆಯುವ ಮನೆಗೆ ಬರುವುದನ್ನು ನಿಲ್ಲಿಸಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಐದನೆಯ ದಿನ ಬಂದು ನಿಂತರು. ಒಬ್ಬರೂ ಮುಖ ಕೊಡಲಿಲ್ಲ. ದೊಡ್ಡಕ್ಕ ಬೆನ್ನು ತಿರುಗಿಸಿ ಉಜ್ಜುತ್ತಲೇ ಗೊಣಗಿದಳು.

“ಎರಡು ಗ್ರಾಂ ಅಂತೆ, ಎರಡು ಗ್ರಾಂ. ಹೊಸದರಲ್ಲಿ ಎಲ್ಲಾ ನುಣ್ಣಗೇ ಇರುತ್ತೆ. ಒಂದು ಸಲ ನಮ್ಮ ಬ್ರಷ್ಷು ಹೊಕ್ಕು ಬಂದ್ರೆ ಅದರ ಸೊಕ್ಕು ಅಷ್ಟೂ ಇಳೀತು ತಾನೆ. ನೋಡಿದೀರಲ್ಲ.”

“ಏನಂದೆ ಅಕ್ಕಾ?” ಎಂದರು ನಮ್ಮವರು.

“ಏನಿಲ್ಲ ಹೋಗಪ್ಪ. ಬೈತಿದೀನಿ.”

“ಬೈದಿದ್ದೇ ಇನ್ನೊಂದು ಸಲ ಬೈಯಿ.”

ದೊಡ್ಡಕ್ಕ ಇನ್ನೊಂದು ಸಲ ಬೈದಳು. ಅವರು ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಪ್ಯಾಂಟು ನೆನೆದದ್ದೂ ಗೊತ್ತಾಗಲಿಲ್ಲ.

“ನಾನು ಆ ಹಾಳೆಗೆ ಅಡ್ಡಗೆರೆ ಹಾಕ್ಬಿಟ್ಟೆ,” ಎಂದರು. “ತಪ್ಪು ಪರೀಕ್ಷೆ ಅಂದ್ಕೊಂಡೆ. ತಪ್ಪಲ್ಲ ಅದು. ಹೊಸ ಬಾಟಲಿ ಹೊಸದಾಗಿ ಇರೋದು ಒಂದೇ ಸಲ. ನಮ್ಮ ಬಾಟಲಿ ಎಷ್ಟು ಸಲ ಹೋಗಿ ಬರುತ್ತೆ?”

“ಒಡೆಯೋ ತನಕ,” ಎಂದಳು ದೊಡ್ಡಕ್ಕ. ಈಗ ತಿರುಗಿದ್ದಳು.

ಅವರು ಆವತ್ತೇ ಮಾಲೀಕರನ್ನು ಕೇಳಿ ಇನ್ನೊಂದು ಪರೀಕ್ಷೆಗೆ ಒಪ್ಪಿಗೆ ತೆಗೆದುಕೊಂಡರು. ನುಣುಪಪ್ಪನೂ ಇರಬೇಕು, ತೊಳೆಯುವವರೂ ಇರಬೇಕು ಎಂದು ಕರಾರು ಮಾಡಿದರು. ದೊಡ್ಡಕ್ಕನೂ ನಾನೂ ಹೋದೆವು. ಪರೀಕ್ಷಾ ಕೊಠಡಿಯ ಒಳಗೆ ನಾನು ಹೋಗಿದ್ದು ಅದೇ ಮೊದಲು.

ಎರಡು ಗ್ರಾಂ ಉಳಿಸಿದ್ದ ಅದೇ ಬಾಟಲಿಗಳನ್ನು ಹಿಂದಿನ ದಿನ ಎಲ್ಲರ ಎದುರಿಗೇ ಸೋಡಾ ನೀರಿನಲ್ಲಿ ತೊಳೆಸಿ, ಒಣಗಿಸಿ, ಸಾಸ್ ತುಂಬಿಸಿದ್ದರು. ಈಗ ಹಲಗೆಗೆ ಬೋರಲು ಹಾಕಿದರು. ಹತ್ತು ನಿಮಿಷ ಕಾದೆವು. ಅಷ್ಟು ಉದ್ದದ ಹತ್ತು ನಿಮಿಷ ನಾನು ಹೆರಿಗೆಯಲ್ಲೂ ಕಂಡಿರಲಿಲ್ಲ. ಸಾಸ್ ಒಂದಿಷ್ಟು ದಪ್ಪಗೆ ಬಿತ್ತು, ಆಮೇಲೆ ದಾರದ ಹಾಗೆ, ಆಮೇಲೆ ತೊಟ್ಟು ತೊಟ್ಟಾಗಿ. ಬಾಟಲಿ ಒಳಗೆ ಕೆಂಪು ಹಾಗೇ ಹಿಡಿದುಕೊಂಡಿತ್ತು. ತೂಗಿದರು. ಮೂವತ್ತೆಂಟು, ಮೂವತ್ತೇಳು, ಮೂವತ್ತೆಂಟು.

ನುಣುಪಪ್ಪ ನಕ್ಕ. “ಸಾರ್, ಸೋಡಾ ಯಾಕೆ ಹಾಕ್ತೀರಿ? ನಾನು ಹೇಳಿದ್ದೇನು? ಬರೀ ನೀರು ತೋರಿಸಿ ಅಂದೆ. ಬರೀ ನೀರಿಗೆ ಲೇಪ ಹೋಗಲ್ಲ. ಬೇಕಾದ್ರೆ ಪರೀಕ್ಷೆ ಮಾಡಿ.”

ಅವನು ಹೇಳಿದ್ದು ನಿಜ. ನಮ್ಮವರ ಮುಖ ನೋಡಿದೆ. ಅವರು ಹೌದು ಎಂದು ತಲೆಯಾಡಿಸಿದರು. “ಮಾಡಿದೀನಿ ಸಾರ್. ಬರೀ ನೀರಿಗೆ ಹೋಗಲ್ಲ. ನಾಲ್ಕು ಗ್ರಾಂ ಅಷ್ಟೇ ಉಳಿಯುತ್ತೆ,” ಎಂದುಬಿಟ್ಟರು. ನನಗೆ ಅವರನ್ನು ಅಲ್ಲೇ ಹಲಗೆಗೆ ಬೋರಲು ಹಾಕಬೇಕು ಅನ್ನಿಸಿತು.

ಅಷ್ಟರಲ್ಲಿ ದೊಡ್ಡಕ್ಕ ಹೊರಗೆ ಹೋಗಿ ಬಂದಳು. ಅಂಗಳದಲ್ಲಿ ವಾಪಸ್ಸು ಬಂದ ಬಾಟಲಿಗಳ ಪೆಟ್ಟಿಗೆ ಇಳಿದಿದ್ದವು. ಅದರಿಂದ ಮೂರು ಬಾಟಲಿ ಎತ್ತಿಕೊಂಡು ಬಂದು ಮಾಲೀಕರ ಮುಂದೆ ಇಟ್ಟಳು. ಒಂದರಲ್ಲಿ ಸಿಗರೇಟಿನ ತುಂಡುಗಳು. ಒಂದರಲ್ಲಿ ಯಾರೋ ಹಸಿರು ಬಣ್ಣ ಕಲಸಿಟ್ಟಿದ್ದರು. ಇನ್ನೊಂದಕ್ಕೆ ಸೀಮೆಎಣ್ಣೆ ವಾಸನೆ, ತಳದಲ್ಲಿ ಸತ್ತ ಜಿರಳೆ.

“ದಿನಾ ಹೀಗೇ ಬರುತ್ತೆ ಸಾರ್. ನಮ್ಮ ಕಣ್ಣಿಗೆ ರೂಢಿ, ನಿಮಗೆ ತೋರಿಸಿಲ್ಲ. ಈಗ ಇವಕ್ಕೆ ಬರೀ ನೀರು ತೋರಿಸ್ತೀನಿ.” ನುಣುಪಪ್ಪನ ಕಡೆ ತಿರುಗಿದಳು. “ಸಾಸ್ ತುಂಬಿ ಕೊಡ್ತೀನಿ. ಈ ಅಣ್ಣ ಬ್ರೆಡ್ಡಿಗೆ ಹಚ್ಕೊಂಡು ತಿನ್ನಲಿ. ಜಿರಳೆ ಬಾಟಲಿಯಿಂದ ಶುರು ಮಾಡೋಣ್ವಾ?”

ನುಣುಪಪ್ಪ ಕರವಸ್ತ್ರ ತೆಗೆದು ಮೂಗಿಗೆ ಹಿಡಿದುಕೊಂಡ. ಮಾಲೀಕರು ಹಸಿರು ಬಣ್ಣದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

“ಇದನ್ನ ತೊಳೆದು ಕೊಡ್ತೀರಾ ನೀವು?”

“ನಾಳೆ ನಿಮ್ಮ ಮನೇಗೇ ಕಳಿಸಿದ್ರೂ ಗೊತ್ತಾಗಲ್ಲ,” ಎಂದಳು ದೊಡ್ಡಕ್ಕ.

ಮಾಲೀಕರ ಮುಖ ನೋಡಬೇಕಿತ್ತು. ಅವರ ಮನೆಯಲ್ಲೂ ನಮ್ಮದೇ ಸಾಸ್.

ತೊಳೆಯದೆ ತುಂಬುವ ಮಾತು ಅಲ್ಲಿಗೆ ಮುಗಿಯಿತು. ತೊಳೆದರೆ ಲೇಪ ಉಳಿಯುವುದಿಲ್ಲ. ವಾಪಸ್ಸು ಬರುವ ಬಾಟಲಿ ಹಳೆಯದೇ ಇರಲಿ, ತೊಳೆಯುವ ಮನೆ ಹಾಗೇ ಇರಲಿ ಎಂದರು ಮಾಲೀಕರು. ನುಣುಪಪ್ಪನೂ ಬರಿಗೈಯಲ್ಲಿ ಹೋಗಲಿಲ್ಲ. ದೂರದ ಊರಿಗೆ ಹೋಗಿ ವಾಪಸ್ಸು ಬಾರದ ಸಣ್ಣ ಬಾಟಲಿ ಇರುತ್ತಿದ್ದವು, ಅವುಗಳಿಗೆ ಲೇಪದ್ದನ್ನೇ ತೆಗೆದುಕೊಂಡರು. ಅದಕ್ಕೆ ಹೇಳಿದವರೂ ನಮ್ಮವರೇ. “ಒಂದೇ ಸಲಕ್ಕೆ ಅಂದ್ರೆ ಒಳ್ಳೇ ಬಾಟಲಿ ಸಾರ್ ಇದು,” ಎಂದರು. ನುಣುಪಪ್ಪ ಹೋಗುವಾಗ ಅವರ ಕೈ ಕುಲುಕಿದ. ದೊಡ್ಡಕ್ಕನಿಂದ ಎರಡು ಮಾರು ದೂರ ನಿಂತು ನಮಸ್ಕಾರ ಮಾಡಿದ.

ಎಲ್ಲರೂ ಹೋದ ಮೇಲೆ ಮಾಲೀಕರು ನಮ್ಮವರನ್ನು ಕೇಳಿದರು. “ಮೊದಲನೇ ಪರೀಕ್ಷೆ ಆದ ಮೇಲೆ ನೀನು ಸುಮ್ಮನಿದ್ದಿದ್ರೂ ಇಲ್ಲಿಗೇ ಬಂದು ನಿಲ್ತಿತ್ತಲ್ಲ? ಸುಮ್ಮನೆ ಇಷ್ಟು ಜನರನ್ನ ಹೆದರಿಸಿದೆ.”

“ಆಗ ಬಾಟಲಿ ಕೆಟ್ಟದ್ದು ಅಂತ ಆಗ್ತಿತ್ತು ಸಾರ್. ಬಾಟಲಿ ಕೆಟ್ಟದ್ದಲ್ಲ. ಮುಂದಿನ ವರ್ಷ ಇನ್ಯಾರೋ ಇನ್ನೊಂದು ತರ್ತಾರೆ. ಆಗ ಇವರು ತೊಳೆಯೋದನ್ನ ಮರೆತು, ಅದು ಪಾಸಾಗಿ, ಇವರ ಕೆಲಸ ಹೋಗಿಬಿಟ್ರೆ?”

ದೊಡ್ಡಕ್ಕ ತೊಳೆಯುವ ಮನೆಗೆ ಹೋಗಿ ಸುದ್ದಿ ಹೇಳಿದಳು. ಅಲ್ಲಿಂದ ಎದ್ದ ಗದ್ದಲ ಬೇಯಿಸುವ ಮನೆಯವರೆಗೂ ಕೇಳಿಸಿತಂತೆ. ಭಾವನನ್ನು ಎಳೆದುಕೊಂಡು ಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂರಿಸಿ, ಹನ್ನೆರಡು ಡಬ್ಬಿಯಿಂದಲೂ ಒಂದೊಂದು ತುತ್ತು ಕೊಟ್ಟರು. ಅವರು ತಿಂದರು. ಬೇಡ ಎಂದಿದ್ದರೂ ಇವರು ಬಿಡುತ್ತಿರಲಿಲ್ಲ.

ಸಂಜೆ ಇಬ್ಬರೂ ನಡೆದುಕೊಂಡು ಮನೆಗೆ ಹೊರಟೆವು. ನಾನು ಇನ್ನೂ ಮಾತಾಡಿರಲಿಲ್ಲ. ಸೈಕಲ್ ಅಂಗಡಿ ದಾಟಿದ ಮೇಲೆ ಕೇಳಿದೆ.

“ಸೋಡಾಕ್ಕೂ ಆ ಲೇಪ ಹೋಗದೇ ಇದ್ದಿದ್ರೆ?”

“ಹೇಳ್ತಿದ್ದೆ,” ಎಂದರು.

“ಹನ್ನೆರಡು ಜನ ಬೀದಿಗೆ ಬಂದ್ರೂ?”

“ಹೇಳ್ತಿದ್ದೆ ಕಣೇ. ಹೇಳಿ ಬಂದು, ನೀವು ಹನ್ನೆರಡು ಜನ ಗೇಟಿನ ಹತ್ರ ಕೂತಿರ್ತೀರಲ್ಲ, ಅಲ್ಲೇ ಬಂದು ಕೂತ್ಕೊಳ್ತಿದ್ದೆ.”

“ನೀವು ಕೂತು ಏನು ಮಾಡ್ತಿದ್ರಿ?”

“ಬೈಸ್ಕೊಳ್ತಿದ್ದೆ. ಹನ್ನೆರಡು ಜನ ಬೈಬೇಕು ಅಂದ್ರೆ ಎದುರಿಗೆ ಒಬ್ಬ ಬೇಡ್ವಾ?”

ನನಗೆ ರಸ್ತೆಯಲ್ಲೇ ನಗು ಬಂತು. ಎದುರಿಗೆ ಬರುತ್ತಿದ್ದವರು ತಿರುಗಿ ನೋಡಿದರು. ಅವರು ನನ್ನ ಊಟದ ಡಬ್ಬಿಯ ಚೀಲ ಇಸಿದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು.